‘ಕುಬ್ಜ’ ಮರವೋ ‘ಮುರುಟಿದ’ ಮರವೋ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಬಳಿ ಕಡಲಂಚಿನಲ್ಲಿರುವ ಟಾರಿ ಪೈನ್ಸ್ ಸಂರಕ್ಷಿತ ಪ್ರದೇಶದ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಗಾಳಿಯ ಹೊಡೆತಕ್ಕೆ ಎತ್ತರ ಬೆಳೆಯಲಾರದೆ ಸೊಟ್ಟಗಾದ ಅಲ್ಲಿನ ಪೈನ್ ಮರಗಳನ್ನು ‘ವಿರಳವಾದ ಕುಬ್ಜ ದೇವದಾರು’ ಎಂದು ಬರೆದಿದ್ದೇನೆ. ಇದು ಸರಿಯೇ? ನಾಳೆಯೇ ಒಪ್ಪಿಸಬೇಕಾಗಿರುವುದರಿಂದ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮೂರು ಪದಗಳಲ್ಲಿ ಒಂದೂ ಸಲ್ಲದು. ದೇವದಾರು ಹಿಮಾಲಯದ ಬೇರೆಯೇ ಮರ. ಪರದೇಶದ ಮರಕ್ಕೆ ನಮಗೆ ಗೊತ್ತಿರುವ ಇನ್ನೊಂದು ಮರದ ಹೆಸರನ್ನು ಅಂಟಿಸುವುದಕ್ಕಿಂತ ಎರವಲು ಪದವೇ ಮೇಲು. ‘ಟಾರಿ ಪೈನ್’ ಎಂದೇ ಬರೆಯಿರಿ. ‘ವಿರಳ’ವನ್ನು ಒತ್ತಾಗಿಲ್ಲದ್ದು, ನಡುನಡುವೆ ಎಡೆಯುಳ್ಳದ್ದು ಎಂದೂ ಓದಬಹುದು. ಈ ಮರವಾದರೋ ತಾನಾಗಿ ಬೆಳೆಯುವುದು ಇಡೀ ಜಗತ್ತಿನಲ್ಲಿ ಆ ಕರಾವಳಿಯ ಒಂದು ತುಣುಕಿನಲ್ಲಿ ಮತ್ತು ಅದೇ ರಾಜ್ಯದ ಸಾಂಟಾ ರೋಸಾ ದ್ವೀಪದಲ್ಲಿ ಮಾತ್ರ. ಅದು ‘ಅಪರೂಪದ’ ಮರ.

‘ಕುಬ್ಜ’ ಎಂಬುದಕ್ಕೆ ನನ್ನ ಆಕ್ಷೇಪ ಇನ್ನೂ ದೊಡ್ಡದು. ಇದೇ ಟಾರಿ ಪೈನನ್ನು ಗಾಳಿಯ ಹೊಡೆತವಿಲ್ಲದ ತೋಟದಲ್ಲಿ ನೆಟ್ಟರೆ ನೆಟ್ಟಗೆ, ಬಲು ಎತ್ತರಕ್ಕೆ ಬೆಳೆಯುತ್ತದೆ. ಕಡಲ ದಿಣ್ಣೆಯ ಮೇಲಾದರೆ ಉಪ್ಪು ಹೊತ್ತ ಗಾಳಿ ತನಗೆ ಎದುರಾದ ಕುಡಿಗಳನ್ನು ಒಣಗಿಸಿಬಿಡುತ್ತದೆ, ಮರೆಯಲ್ಲಿರುವ ಕುಡಿಗಳಷ್ಟೇ ಉಳಿದು ಬೆಳೆಯುತ್ತವೆ, ಹಾಗಾಗಿ ಮರವೆಲ್ಲ ಕಡಲಿಗೆ ಬೆನ್ನು ಹಾಕಿ ಒಂದೇ ಕಡೆಗೆ ವಾಲಿಕೊಳ್ಳುತ್ತದೆ. ಗಿಡ್ಡತನ ಅದರ ಹುಟ್ಟುಗುಣವಲ್ಲ. ಆದಕಾರಣ ಇಲ್ಲಿ ಬೇಕಿರುವುದು ಗುಣವಾಚಕವಲ್ಲ, ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿದ ಪದ. ‘ಮುರುಟಿದ ಮರ’ ಎನ್ನಿ. ಬೆಳೆಯಬೇಕಾದದ್ದು ಬೆಳೆಯದೆ ಮುದುಡಿತೆಂಬ ಅರ್ಥ ಅದರೊಳಗೇ ಇದೆ. ಅಚ್ಚಗನ್ನಡದ ಕ್ರಿಯಾಪದ ಕೈಯಳತೆಯಲ್ಲಿರುವಾಗ ಸಂಸ್ಕೃತದ ಮನೆಬಾಗಿಲು ತಟ್ಟುವ ಚಾಳಿಯನ್ನು ನಮ್ಮ ಅನುವಾದಕರು ಬಿಡಬೇಕು.

ಮತ್ತೊಬ್ಬರ ಉತ್ತರ: ಕೊನೆಯ ಮಾತು ಅನಗತ್ಯ. ‘ಕುಬ್ಜ’ದ ಮೂಲಾರ್ಥ ಗಿಡ್ಡ ಎಂದಲ್ಲ, ಗೂನು ಬಾಗಿದ್ದು ಎಂದು. ಕೃಷ್ಣನು ಮಥುರೆಯಲ್ಲಿ ಕುಬ್ಜೆಯ ಡೊಂಕು ಮೈಯನ್ನು ನೆಟ್ಟಗೆ ಮಾಡಿದನೇ ಹೊರತು ಕುಳ್ಳಿಯನ್ನು ಎತ್ತರ ಮಾಡಲಿಲ್ಲ. ಬಾಗಿದ ಮರಕ್ಕೆ ಇದಕ್ಕಿಂತ ಒಪ್ಪುವ ಪದ ಯಾವುದು? ‘ಮುರುಟು’ ಎಂದೊಡನೆ ಓದುಗರಿಗೆ ನೆನಪಾಗುವುದು ಮೆಣಸಿನ ಗಿಡದ ಎಲೆ ಮುರುಟು ರೋಗ.

ಮೊದಲಿನವರ ಮರುತ್ತರ: ಮೂಲಾರ್ಥ ನಿಘಂಟಿನಲ್ಲಿರಲಿ. ಇಂದಿನ ಕನ್ನಡಿಗರು ‘ಕುಬ್ಜ’ ಎಂಬುದನ್ನು ಕುಳ್ಳ ಎಂದೇ ಓದುತ್ತಾರೆ, ಅನುವಾದ ಅವರಿಗಾಗಿ. ಓದುಗರು ರೋಗವೆಂದು ಅನುಮಾನಿಸಬಹುದೆಂಬ ಮಾತು ಮಾತ್ರ ನಿಜ. ಆ ಅನುಮಾನ ಬಾರದಂತೆ ಕಾರಣವನ್ನೂ ಕೂಡಿಸಿ ‘ಕಡಲಗಾಳಿಗೆ ಮುರುಟಿದ ಅಪರೂಪದ ಟಾರಿ ಪೈನ್ ಮರಗಳು’ ಎಂದು ಬರೆದು ಒಪ್ಪಿಸಿ.