ಉಪ್ಪುನೀರು ಎತ್ತಿದರೆ ಸಿಹಿನೀರಿಗೇನು ತೊಂದರೆ?

ಪ್ರಶ್ನೆ: ಚಿಲಿಯ ಅಟಕಾಮಾ ಉಪ್ಪುಬಯಲಿನಲ್ಲಿ ಲಿಥಿಯಂಗಾಗಿ (ಬ್ಯಾಟರಿಗೆ ಬಳಸುವ ಲೋಹ) ನೆಲದಡಿಯಿಂದ ಎತ್ತುವ ನೀರು ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪು. ಯಾರೂ ಕುಡಿಯುವುದಿಲ್ಲ. ಮತ್ತೆ ಅಂತರ್ಜಲದ ಗಲಾಟೆ ಯಾಕೆ?

ಉತ್ತರ: ಕೊಳವೆಬಾವಿಗಳ ನೀರಿನ ಮಟ್ಟ ಅಳೆಯುವುದೇ ನನ್ನ ಕೆಲಸ. ನಾನೂ ಮೊದಲು ಹೀಗೇ ಅಂದುಕೊಂಡಿದ್ದೆ! ಉಪ್ಪುನೀರು ಭಾರ. ಆಂಡಿಸ್ ಬೆಟ್ಟಗಳಿಂದ ಬರುವ ಸಿಹಿನೀರು ಬಯಲಿನ ಅಂಚಿನಲ್ಲಿ ಅದರ ಮೇಲೆ ಒರಗಿ ನಿಂತಿರುತ್ತದೆ. ಬಯಲಿನ ನಡುಭಾಗದಲ್ಲಿ ಪಂಪ್ ಮಾಡಿದರೆ ಉಪ್ಪುನೀರಿನ ಮಟ್ಟ ಇಳಿಯುತ್ತದೆ, ಒರಗಿದ್ದ ಸಿಹಿನೀರೂ ಜಾರಬಹುದು. ಫ್ಲೆಮಿಂಗೊ ಹಕ್ಕಿಗಳು ಮೇಯುವ ಕೊಳಗಳು ಇರುವುದು ಆ ಅಂಚಿನಲ್ಲೇ. ಎತ್ತಿದ ಉಪ್ಪುನೀರಿನಲ್ಲಿ ಲಿಥಿಯಂ ಸಾಂದ್ರವಾಗಲಿ ಅಂತ ಅದನ್ನು ಒಂದು ವರ್ಷಕ್ಕೂ ಜಾಸ್ತಿ ಬಿಸಿಲಿಗೆ ಬಿಡುತ್ತಾರೆ. ಬಹುಪಾಲು ಆವಿಯಾಗಿ ಹೋಗುತ್ತದೆ.

ಇನ್ನೊಬ್ಬರು: ಚಿಲಿಯ ಕಾನೂನಿನಲ್ಲಿ ಈ ಉಪ್ಪುನೀರು ನೀರೇ ಅಲ್ಲ, ಖನಿಜ. ತಮಾಷೆ ಅಲ್ವಾ?

ಪ್ರಶ್ನೆ ಕೇಳಿದವರು: ಲಿಥಿಯಂ ಮಾತ್ರ ಸೋಸಿ ನೀರನ್ನು ವಾಪಸ್ ಬಿಟ್ಟರೆ?

ಉತ್ತರ: ಒಳ್ಳೆಯದೇ. ಆದರೆ ಅಂಥ ಕೆಲವು ವಿಧಾನಗಳಿಗೆ ಸಿಹಿನೀರೂ ಬೇಕು. ವಾಪಸ್ ಬಿಟ್ಟ ನೀರು ಎಲ್ಲಿಗೆ ಹರಿಯುತ್ತದೆ ಅಂತಲೂ ನೋಡಬೇಕು. ನನ್ನನ್ನು ಕೇಳಿದರೆ, ಮೊದಲು ಅಂಚಿನಲ್ಲಿ ಅಳತೆಬಾವಿ ಕೊರೆಯಿರಿ, ಗಣಿ ಶುರುವಾಗುವ ಮುಂಚೆಯೇ. ಮಟ್ಟ ಇಷ್ಟು ಇಳಿದರೆ ಪಂಪ್ ನಿಲ್ಲಬೇಕು ಅಂತ ಬರೆದಿಡಿ. ಆಮೇಲೆ ಅಳೆದರೆ ಹೋಲಿಸಲು ಹಳೆಯ ಅಂಕಿ ಇರುವುದಿಲ್ಲ, ಸುಮ್ನೆ ವಾದ ಅಷ್ಟೇ.