ಒರ್ವಿಯೆತೊ: ಅಪ್ಪನ ಮಂಡಿನೋವು, ಅಮ್ಮನ ಸಸ್ಯಾಹಾರ, ಕೈಯಲ್ಲಿ ಒಂದೂವರೆ ದಿನ

ಕೇಳಿದವರು:
ಅಕ್ಟೋಬರಿನಲ್ಲಿ ಅಪ್ಪ ಅಮ್ಮನ ಜೊತೆ ರೋಮಿಗೆ ಹೋಗ್ತಿದ್ದೀವಿ. ಅಲ್ಲಿಂದ ಒಂದೂವರೆ ದಿನ ಗುಡ್ಡದ ಮೇಲಿನ ಒರ್ವಿಯೆತೊಗೆ ಹೋಗುವ ಆಸೆ. ಅಪ್ಪನಿಗೆ ಹಳೇ ಚರ್ಚುಗಳ ಹುಚ್ಚು, ಆದರೆ ಮಂಡಿನೋವು. ಅಮ್ಮ ಮೊಟ್ಟೆಯನ್ನೂ ಮುಟ್ಟೋದಿಲ್ಲ. ಹೋಗಿಬಂದವರು ಯಾರಾದ್ರೂ ಇದ್ದರೆ ಹೇಳಿ.

ಬೆಂಗಳೂರಿನಿಂದ:
ಗುಡ್ಡ ಹತ್ತಬೇಕಾ ಅನ್ನೋ ಚಿಂತೆ ಬಿಡಿ. ರೈಲು ನಿಲ್ದಾಣದ ಎದುರಿಗೇ ಫುನಿಕೊಲಾರೆ ಇದೆ, ಹಗ್ಗ ಎಳೆಯುವ ಪುಟ್ಟ ರೈಲು. ಕೆಲವೇ ನಿಮಿಷದಲ್ಲಿ ಮೇಲೆ. ಅಲ್ಲಿಂದ ದುಓಮೊಗೆ, ಅಂದರೆ ದೊಡ್ಡ ಚರ್ಚಿಗೆ, ಚಿಕ್ಕ ಬಸ್ಸು. 1290ರಲ್ಲಿ ಶುರುವಾದ ಕಟ್ಟಡ, ಮುಗಿಯೋಕೆ ಶತಮಾನಗಳೇ ಹಿಡಿದವು. ಗೋಡೆಯೆಲ್ಲ ಒಂದು ಸಾಲು ಕಪ್ಪು ಕಲ್ಲು, ಒಂದು ಸಾಲು ಬಿಳಿ ಕಲ್ಲು. ನಮ್ಮ ಮಾವ ನೋಡಿದ ತಕ್ಷಣ "ಇದೇನು, ಪಟ್ಟಾಪಟ್ಟಿ ಚಡ್ಡಿ!" ಅಂದುಬಿಟ್ಟರು. ಒಳಗೆ ಹೋದ ಮೇಲೆ ಅರ್ಧ ಗಂಟೆ ಮಾತೇ ಇಲ್ಲ.

ಮುಂಭಾಗದ ಕಂಬಗೋಡೆಗಳಲ್ಲಿ ಸೃಷ್ಟಿಯಿಂದ ಕೊನೆಯ ತೀರ್ಪಿನವರೆಗಿನ ಕತೆ ಉಬ್ಬುಕೆತ್ತನೆಯಲ್ಲಿದೆ. ಕೆಳಗಿನ ಸಾಲುಗಳು ಕಣ್ಣಿನ ಮಟ್ಟಕ್ಕೇ ಸಿಗುತ್ತವೆ, ಅಪ್ಪನ ಕತ್ತೂ ಉಳಿಯಿತು. ಬಂಗಾರದ ಮೊಸಾಯಿಕ್ ಹೊಳೆಯೋದು ಇಳಿಹೊತ್ತಿನ ಬಿಸಿಲಿಗೆ, ಆಗ ಹೊರಗೆ ಸುಮ್ಮನೆ ಕೂತುಬಿಡಿ. ಒಳಗೆ ಬಲಕ್ಕಿರುವ ಸಾನ್ ಬ್ರಿಜಿಯೊ ಚಾಪೆಲ್‌ಗೆ, ಅಂದರೆ ಚರ್ಚಿನೊಳಗಿನ ಚಿಕ್ಕ ಪ್ರಾರ್ಥನಾಮಂದಿರಕ್ಕೆ, ಮಾತ್ರ ಒಂದು ಗಂಟೆ ತೆಗೆದಿಡಿ. ಫ್ರಾ ಆಂಜೆಲಿಕೊ 1447ರಲ್ಲಿ ಶುರುಮಾಡಿ ಬಿಟ್ಟ ಕೆಲಸವನ್ನ ಲೂಕಾ ಸಿನ್ಯೊರೆಲ್ಲಿ 1499ರ ನಂತರ ಮುಗಿಸಿದ. ಕ್ರಿಸ್ತನಂತೆಯೇ ಕಾಣುವ ಒಬ್ಬ ಬೋಧಿಸುತ್ತಿರುತ್ತಾನೆ, ಹಿಂದಿನಿಂದ ಸೈತಾನ ಕಿವಿಯಲ್ಲಿ ಪಿಸುಗುಡುತ್ತಿರುತ್ತಾನೆ. ಅದೇ ಚಿತ್ರದ ಮೂಲೆಯಲ್ಲಿ ಕಪ್ಪು ಬಟ್ಟೆಯ ಇಬ್ಬರು ನಿಂತಿದ್ದಾರಲ್ಲ, ಅವರೇ ಆ ಇಬ್ಬರು ಚಿತ್ರಕಾರರು ಅಂತಾರೆ. ಟಿಕೆಟ್ ಇದೆ. ಭುಜ, ಮಂಡಿ ಮುಚ್ಚಿರಲಿ.

ಮಂಗಳೂರಿನಿಂದ:
ಎಲ್ಲರೂ ಬಲಕ್ಕೇ ಓಡ್ತಾರೆ, ಎಡಗಡೆಯ ಚಾಪೆಲ್ ಬಿಡಬೇಡಿ ಮಾರಾಯ್ರೆ. 1263ರಲ್ಲಿ ಪಕ್ಕದ ಬೊಲ್ಸೇನಾದಲ್ಲಿ, ಪರಮಪ್ರಸಾದದ ಬಗ್ಗೆ, ಅಂದರೆ ಪೂಜೆಯ ರೊಟ್ಟಿ ಕ್ರಿಸ್ತನ ದೇಹವಾಗುತ್ತೆ ಅನ್ನೋದರ ಬಗ್ಗೆ, ಸಂಶಯಪಡುತ್ತಿದ್ದ ಪಾದ್ರಿಯೊಬ್ಬರು ಬಲಿಪೂಜೆ (ಮಾಸ್) ಅರ್ಪಿಸುವಾಗ ರೊಟ್ಟಿಯಿಂದ ಪೂಜಾಪೀಠದ ಬಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿತು ಅಂತ ನಂಬಿಕೆ. ಆ ಬಟ್ಟೆ ಇಟ್ಟಿರೋದು ಈ ಎಡಗಡೆಯ ಚಾಪೆಲ್‌ನಲ್ಲಿ. ಮರುವರ್ಷ ನಾಲ್ಕನೇ ಅರ್ಬನ್ ಪೋಪರು ಒರ್ವಿಯೆತೊದಿಂದಲೇ ಪರಮಪ್ರಸಾದದ ಹಬ್ಬ ಘೋಷಿಸಿದ್ದು. ನಮ್ಮಲ್ಲಿ ಸಣ್ಣಂದಿನಿಂದ ಮೆರವಣಿಗೆಯಲ್ಲಿ ನಡೆದ ಹಬ್ಬ ಘೋಷಣೆಯಾದ ಜಾಗ ಅಂತ ನನಗೆ ಮೈ ಜುಮ್ಮೆಂದಿತು. ಅಪ್ಪನಿಗೆ ಚಿತ್ರಗಳಿರುವ ಚರ್ಚು ಅಷ್ಟು ಇಷ್ಟವಾದರೆ ವಾಪಸ್ ಬಂದ ಮೇಲೆ ನಮ್ಮ ಸಂತ ಅಲೋಶಿಯಸ್ ಚಾಪೆಲ್ ತೋರಿಸಿ. ಅದರ ಗೋಡೆಗಳಿಗೆ ಬಣ್ಣ ಹಚ್ಚಿದ್ದೂ ಇಟಲಿಯ ಮೊಸ್ಕೇನಿ ಅನ್ನೋ ಚಿತ್ರಕಾರನೇ.

ತೊರಿನೊದಲ್ಲಿ ಓದುತ್ತಿರುವವಳು:
ಊಟದ ಮಾತು ನನ್ನದು! ಅಮ್ಮನಿಗೆ ಒಳ್ಳೇ ಸುದ್ದಿ. ಆ ಊರಿನ ಪಾಸ್ತಾ ಉಂಬ್ರಿಕೆಲ್ಲಿ, ಕೈಯಲ್ಲೇ ಹೊಸೆದ ದಪ್ಪ ಎಳೆ. ಅದಕ್ಕೆ ಮೊಟ್ಟೆ ಹಾಕೋ ರೂಢಿ ಇಲ್ಲ, ಬರೀ ಹಿಟ್ಟು, ನೀರು. ಟೊಮೆಟೊ ಬೆಳ್ಳುಳ್ಳಿ ಸಾಸ್‌ನಲ್ಲಿ ತಗೊಳ್ಳಿ, ಇಲ್ಲವೇ ಟ್ರಫಲ್ (ನೆಲದೊಳಗೆ ಬೆಳೆಯುವ ಅಣಬೆ) ತುರಿದದ್ದು. ಆದರೂ ಪ್ರತಿ ಸಲ ಕೇಳಿಬಿಡಿ: "ನೆ ಕಾರ್ನೆ, ನೆ ಪೆಶೆ, ನೆ ಉಓವಾ", ಮಾಂಸ ಮೀನು ಮೊಟ್ಟೆ ಯಾವುದೂ ಬೇಡ ಅಂತ. ಕಡಲೆಕಾಳಿನ ಸೂಪ್, ಬೇಳೆ ಸೂಪ್ ಚೆನ್ನಾಗಿರುತ್ತವೆ, ಆದರೆ ಮಾಂಸದ ಸಾರಿನಲ್ಲಿ ಬೇಯಿಸಿದ್ದಾರಾ ಅಂತ ವಿಚಾರಿಸಿ. ಲುಮಾಕೆಲ್ಲೆ ಅಂತ ಬಸವನಹುಳುವಿನ ಆಕಾರದ ಬನ್ ಬೇಕರಿಯಲ್ಲಿ ಬಾ ಬಾ ಅಂತ ಕರೆಯುತ್ತೆ. ಅದರೊಳಗೆ ಹಂದಿಮಾಂಸ ಇರುತ್ತೆ, ಅಮ್ಮನಿಗೆ ಬೇಡ. ಚೀಸ್‌ನಲ್ಲೂ ಕರುವಿನ, ಕುರಿಮರಿಯ ಹೊಟ್ಟೆಯ ಹೆಪ್ಪು ಬಳಸ್ತಾರೆ. ಅಮ್ಮ ಅಷ್ಟು ಕಟ್ಟುನಿಟ್ಟಾಗಿದ್ದರೆ ಚೀಸೇ ಬೇಡ ಅನ್ನಿ. ಬ್ರೆಡ್ಡಿಗೆ ಉಪ್ಪು ಇರಲ್ಲ, ಅದು ಈ ಉಂಬ್ರಿಯಾ ಸೀಮೆಯ ಪದ್ಧತಿ. ಚಟ್ನಿಪುಡಿ ಕಟ್ಟಿಕೊಳ್ಳಿ!

ಧಾರವಾಡದಿಂದ:
ನಾವು ಚರ್ಚು ನೋಡಕೋತ ಮೂರು ಗಂಟೆ ಮಾಡಿಕೊಂಡ್ವಿ. ಹೋಟೆಲ್ ಹೊಕ್ಕರೆ ಅಡಿಗಿಮನಿ ಬಂದ್! ಎರಡೂವರೆ ಒಳಗ ಉಣ್ಣಬೇಕ್ರಿ, ಆಮ್ಯಾಲ ಸಂಜಿ ಏಳೂವರೆ ತನಕ ಏನೂ ಸಿಗೂದಿಲ್ಲ. ಬಿಲ್‌ನಾಗ "ಕೊಪೆರ್ತೊ" ಅಂತ ಒಬ್ಬೊಬ್ಬರಿಗೂ ಯೂರೋ ಹಾಕಿದ್ರ ಜಗಳಾ ಮಾಡಬ್ಯಾಡ್ರಿ, ಅದು ಕೂತದ್ದಕ್ಕ. ಗುರುವಾರ ಇಲ್ಲಾ ಶನಿವಾರ ಹೋಗ್ರಿ, ಪಿಯಾತ್ಸಾ ದೆಲ್ ಪೋಪೊಲೊ ಚೌಕದಾಗ ಸಂತಿ ಇರ್ತದ. ಮತ್ತ ಊರಿನ ಪಡುವಣ ತುದಿಗೆ ಸಾನ್ ಜೊವೆನಾಲೆ ಐತಿ, 1004ರದ್ದು, ಸಣ್ಣ ಗುಡಿಯಷ್ಟು. ಗ್ವಾಡಿ ತುಂಬ ಮಾಸಿದ ಚಿತ್ರ. ನನಗ ದೊಡ್ಡ ಚರ್ಚಿಗಿಂತ ಇದ ಮನಸ್ಸಿಗೆ ಹತ್ತಿತು. ಗದ್ದಲಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಲ್ಲೊಂದು ಆಳದ ಬಾವಿ ಇದೆಯಂತಲ್ಲ, ಅಪ್ಪ ಅದನ್ನೂ ನೋಡ್ತೀನಿ ಅಂತಿದ್ದಾರೆ.

ಬೆಂಗಳೂರಿನಿಂದ:
ಸಾನ್ ಪಾತ್ರಿತ್ಸಿಯೊ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಇಲ್ಲಿಗೆ ಓಡಿಬಂದ ಪೋಪ್ ಕ್ಲೆಮೆಂಟರು, ಮುತ್ತಿಗೆಯಾದರೆ ನೀರಿರಲಿ ಅಂತ ತೋಡಿಸಿದ್ದು. ಇಳಿಯೋ ಸುತ್ತುದಾರಿ ಬೇರೆ, ಹತ್ತೋದು ಬೇರೆ, ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗದ ಹಾಗೆ. ಮೆಟ್ಟಿಲು 248. ಫುನಿಕೊಲಾರೆ ಇಳಿದ ಜಾಗದ ಪಕ್ಕದಲ್ಲೇ ಇದೆ. ನೀವು ಅಮ್ಮನ ಜೊತೆ ಇಳಿದುಬನ್ನಿ, ಅಪ್ಪ ಅಲ್ಲೇ ತೋಟದ ಬೆಂಚಿನಲ್ಲಿ ಕೂತು ಕಣಿವೆ ನೋಡ್ತಿರಲಿ.