ಗ್ರಾಫಲ್ಲಿ ನೇರ ಕಾಣ್ತದೆ, ಆದ್ರೂ ಸರಳರೇಖಾಗತ ಅಲ್ವಂತೆ, ಯಾಕೆ?

ಪ್ರಶ್ನೆ (ಪೆರ್ಲದಿಂದ):
ನಮಸ್ಕಾರ ಮಾಷ್ಟ್ರೇ, ಮಗ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಎ(0,0), ಬಿ(5,3), ಸಿ(10,7) ಸರಳರೇಖಾಗತ ಬಿಂದುಗಳಾ, ಅಂದ್ರೆ ಮೂರೂ ಒಂದೇ ನೇರ ಗೆರೆಯಲ್ಲಿ ಉಂಟಾ ಅಂತ ಒಂದು ಲೆಕ್ಕ. ಇವ ದೂರ ಕಂಡುಹಿಡಿದ, ಎಬಿ 5.8, ಬಿಸಿ 6.4, ಕೂಡಿಸಿದ್ರೆ 12.2, ಎಸಿಯೂ 12.2 ಬರ್ತದೆ, ಗ್ರಾಫಲ್ಲಿ ಹಾಕಿದ್ರೂ ನೇರವೇ ಕಾಣ್ತದೆ, ಆದ್ರೆ ಗೈಡಲ್ಲಿ ಅಲ್ಲ ಅಂತ ಉಂಟು. ಪ್ರಿಂಟ್ ತಪ್ಪಿದ್ದಾ?

ಉತ್ತರ (ಗಣಿತ ಮಾಷ್ಟ್ರು, ಕುಂಬಳೆ):
ಗೈಡ್ ಸರಿಯೇ ಉಂಟು ಅಕ್ಕ. ಮಗ ಹಿಡಿದ ದಾರಿಯೂ ಸರಿ, ಎರಡು ಚಿಕ್ಕ ದೂರ ಕೂಡಿಸಿದಾಗ ದೊಡ್ಡ ದೂರವೇ ಬಂದ್ರೆ ಮೂರೂ ಒಂದೇ ಗೆರೆಯಲ್ಲಿ. ಎಡವಟ್ಟಾದದ್ದು ದಶಾಂಶ ಒಂದಕ್ಕೇ ನಿಲ್ಲಿಸಿದ್ರಲ್ಲಿ. ಎಬಿ √34 ಅಂದ್ರೆ 5.831, ಬಿಸಿ √41 ಅಂದ್ರೆ 6.403, ಕೂಡಿಸಿದ್ರೆ 12.234. ಎಸಿ √149 ಮಾತ್ರ 12.207. ಒಂದೇ ಅಲ್ವಲ್ಲ!

ಬಾಯಲ್ಲೇ ನೋಡ್ಬಹುದು. ಎ ಇಂದ ಬಿ ಗೆ 5 ಬಲಕ್ಕೆ ಹೋದಾಗ 3 ಮೇಲೆ ಹೋಯ್ತು, ಬಿ ಇಂದ ಸಿ ಗೆ ಪುನಃ 5 ಬಲಕ್ಕೆ, ಆದ್ರೆ 4 ಮೇಲೆ. ಸ್ಲೋಪ್, ಅಂದ್ರೆ ಮೇಲೆ ಹೋದದ್ದನ್ನು ಬಲಕ್ಕೆ ಹೋದದ್ದರಿಂದ ಭಾಗಿಸಿದ್ದು, 3/5 ಇದ್ದದ್ದು 4/5 ಆಯ್ತು, ಅಂದ್ರೆ ಬಿ ಹತ್ರ ಗೆರೆ ಬಗ್ಗಿದೆ. ಎಸಿ ಗೆರೆ ಮೇಲೆ ಎಕ್ಸ್ 5 ಇರುವಲ್ಲಿ ವೈ 3.5 ಆಗ್ಬೇಕಿತ್ತು, ಬಿ ಅರ್ಧ ಕೆಳಗೆ ಉಂಟು. ಒಂದು ಮಿಲ್ಲಿಮೀಟರಿಗೆ ಒಂದು ಅಂತ ಸ್ಕೇಲ್ ತೆಗೊಂಡ್ರೆ ಅರ್ಧ ಮಿಲ್ಲಿಮೀಟರ್ ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗ್ತದೆ ಮಾರಾಯ್ರೆ, ಕಣ್ಣಿಗೆ ಎಂತ ಗೊತ್ತಾಗುದು. ಗ್ರಾಫ್ ನೋಡಿ ಉತ್ತರ ಬರೆಯುದು ನಂಗೆ ಮೊದಲಿಂದ್ಲೂ ಆಗುದಿಲ್ಲ.

ಕಮೆಂಟ್ (ಮಂಜೇಶ್ವರದಿಂದ):
ಸರ್, (4,1), (4,5), (4,9) ಕ್ಕೆ ಸ್ಲೋಪ್ ತೆಗೀಲಿಕ್ಕೆ ಹೋದ್ರೆ ಕೆಳಗೆ ಸೊನ್ನೆ ಬರ್ತದೆ, ಹಾಗಾದ್ರೆ ಸರಳರೇಖಾಗತ ಅಲ್ವಾ?

ಉತ್ತರ:
ಅಲ್ಲಲ್ಲ, ಹೌದು ಅದು. ಮೂರಕ್ಕೂ ಎಕ್ಸ್ 4 ಅಲ್ವಾ, ನೆಟ್ಟಗೆ ನಿಂತ ಗೆರೆ, ಅದಕ್ಕೆ ಸ್ಲೋಪ್ ಅಂತ ಇಲ್ಲ ಅಷ್ಟೆ. ಭಾಗಿಸುದೇ ಬೇಡ ಅಂದ್ರೆ ತ್ರಿಕೋನದ ವಿಸ್ತೀರ್ಣ ತೆಗೀರಿ, ಸೊನ್ನೆ ಬಂದ್ರೆ ಸರಳರೇಖಾಗತ. ಮೇಲಿನ ಲೆಕ್ಕದಲ್ಲಿ ವಿಸ್ತೀರ್ಣ 2.5 ಬರ್ತದೆ.

ಪೆರ್ಲದ ಅಕ್ಕನಿಗೆ ಇನ್ನೊಂದು: ದೂರದ ಸೂತ್ರವೇ ಬೇಕಂತಿದ್ರೆ ವರ್ಗಮೂಲವನ್ನು ಹಾಗೇ ಇಡ್ಲಿಕ್ಕೆ ಹೇಳಿ. (1,1), (3,4), (7,10) ಕೊಟ್ಟು ನೋಡಿ, ದೂರ √13, 2√13, 3√13 ಬರ್ತದೆ, ಮೊದಲೆರಡು ಕೂಡಿಸಿದ್ರೆ ಮೂರನೇದೇ ಆಯ್ತು, ಸರಳರೇಖಾಗತ, ಕ್ಯಾಲ್ಕುಲೇಟರ್ ಮುಟ್ಟುದೇ ಬೇಡ.